ಪಂದ್ಯಕ್ಕೆ ಹೋಗುವ ದಾರಿಯ ಲೆಕ್ಕ

ಬೆಂಗಳೂರಿನಲ್ಲಿ ಐಪಿಎಲ್ ಪಂದ್ಯವಿರುವ ದಿನ ಮಧ್ಯಾಹ್ನದ ಹೊತ್ತಿಗೇ ನರಸಾಪುರದ ಹೆದ್ದಾರಿಯಲ್ಲಿ ಅದರ ಗುರುತು ಕಾಣತೊಡಗುತ್ತದೆ. ಕೆಂಪು ಅಂಗಿ ತೊಟ್ಟ ಹುಡುಗರು ಬಸ್ಸಿಗಾಗಿ ಕಾಯುತ್ತಾರೆ. ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಪಾಳಿ ಮುಗಿಸಿದ ಯುವಕರು ಇಬ್ಬರಿಗೊಂದು ಬೈಕಿನಂತೆ ಹೊಸಕೋಟೆಯ ಕಡೆಗೆ ಹೊರಡುತ್ತಾರೆ. ಕೋಲಾರದಿಂದ ಬರುವ ಕಾರುಗಳ ಕಿಟಕಿಯಲ್ಲಿ ಬಾವುಟಗಳು ಹಾರಾಡುತ್ತವೆ. ಚಿನ್ನಸ್ವಾಮಿ ಕ್ರೀಡಾಂಗಣ ಇಲ್ಲಿಂದ ಹೆಚ್ಚುಕಡಿಮೆ 55 ಕಿಲೋಮೀಟರ್. ಅದೇ ನರಸಾಪುರದ ಕೆರೆಯಲ್ಲಿ ಈಗ ನಿಂತಿರುವುದು ಅದೇ ಬೆಂಗಳೂರು ಬಳಸಿ, ಸಂಸ್ಕರಿಸಿ ಕಳುಹಿಸಿದ ನೀರು. ಒಂದೇ ಮಾರ್ಗದ ಎರಡು ಹರಿವುಗಳಿವು. ಜನ ನಗರದತ್ತ ಹೋಗುತ್ತಾರೆ, ನಗರದ ನೀರು ಹಳ್ಳಿಯತ್ತ ಬರುತ್ತದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ.

ಆಟ ನೋಡಲು ದೂರ ಹೋಗುವುದನ್ನು ಹಳಿಯುವುದು ಪರಿಸರ ಚಳವಳಿಯ ಕೆಲಸವಲ್ಲ. ಕೋಲಾರ ಸೀಮೆಯ ಜನ ಎಂದಿನಿಂದಲೂ ಹಬ್ಬ-ಜಾತ್ರೆಗಳಿಗಾಗಿ ಊರು ಬಿಟ್ಟು ನಡೆದವರೇ. ಮುಳಬಾಗಿಲು ತಾಲ್ಲೂಕಿನ ಆವಣಿಯ ದನಗಳ ಜಾತ್ರೆಗೆ ಬುತ್ತಿ ಕಟ್ಟಿಕೊಂಡು, ಎತ್ತುಗಳನ್ನು ಹೊಡೆದುಕೊಂಡು ದಿನಗಟ್ಟಲೆ ನಡೆದು ಹೋದವರ ಮೊಮ್ಮಕ್ಕಳೇ ಇಂದು ಪಂದ್ಯದ ಟಿಕೆಟ್ಟಿಗಾಗಿ ಮೊಬೈಲ್ ಹಿಡಿದು ಕುಳಿತಿರುತ್ತಾರೆ. ಸಾವಿರಾರು ಜನರ ನಡುವೆ ನಿಂತು ಒಂದೇ ಉಸಿರಿನಲ್ಲಿ ಕೂಗುವ ಸುಖ ದೂರದರ್ಶನದ ಪರದೆಯಲ್ಲಿ ದೊರೆಯುವುದಿಲ್ಲ. ವರ್ಷವಿಡೀ ಯಂತ್ರದ ಮುಂದೆ ನಿಂತು ದುಡಿಯುವ ಯುವಕನಿಗೆ, ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಹುಡುಗಿಗೆ ಆ ಒಂದು ಸಂಜೆ ದೊಡ್ಡದು. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಪ್ರಶ್ನೆ ಇರುವುದು ಬೇರೆಡೆ: ಆ ಸಂಜೆಯ ಬೆಲೆ ಎಷ್ಟು, ಅದನ್ನು ತೆರುವವರು ಯಾರು, ಮತ್ತು ಆ ಬೆಲೆಯನ್ನು ತಗ್ಗಿಸುವ ದಾರಿಗಳಿದ್ದೂ ಅವನ್ನು ಯಾರೂ ಏಕೆ ಹಿಡಿಯುತ್ತಿಲ್ಲ?

ಮೊದಲು ನೀರಿನ ಮಾತು. 2016ರ ಬೇಸಗೆಯಲ್ಲಿ ಮಹಾರಾಷ್ಟ್ರದಲ್ಲಿ ಭೀಕರ ಬರವಿದ್ದಾಗ, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ರಾಜ್ಯದಿಂದ ಹೊರಗೆ ಒಯ್ಯುವಂತೆ ಬಾಂಬೆ ಹೈಕೋರ್ಟ್ ಆದೇಶಿಸಿತು. ಕುಡಿಯುವ ನೀರಿಲ್ಲದ ನಾಡಿನಲ್ಲಿ ಹುಲ್ಲಿಗೆ ನೀರುಣಿಸುವುದು ಸರಿಯೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಹೀಗೆ ಮುಂಬೈಯಿಂದ ಹೊರಟ ಅಂತಿಮ ಪಂದ್ಯ ಮೇ 29ರಂದು ನಡೆದುದು ಬೆಂಗಳೂರಿನಲ್ಲಿ. ಆ ವರ್ಷ ಕರ್ನಾಟಕವೂ ಬರದಲ್ಲಿಯೇ ಇತ್ತು. ಅದಕ್ಕೆ ಮೂರು ತಿಂಗಳ ಹಿಂದೆ, ಮಾರ್ಚ್ ತಿಂಗಳಿನಲ್ಲಿ, ಶಾಶ್ವತ ನೀರಾವರಿಗೆ ಒತ್ತಾಯಿಸಿ ಬಯಲುಸೀಮೆಯ ರೈತರು ಟ್ರ್ಯಾಕ್ಟರುಗಳ ಸಾಲಿನೊಂದಿಗೆ ರಾಜಧಾನಿಯತ್ತ ಹೊರಟಿದ್ದರು. ಸಾವಿರ ಅಡಿಗೂ ಕೆಳಗೆ ಕೊರೆದ ಕೊಳವೆಬಾವಿಗಳು ಬರಿಗಾಳಿ ಉಗುಳುತ್ತಿದ್ದ ಜಿಲ್ಲೆಯ ಅಳಲು ಒಂದು ಕಡೆ, ಒಂದು ರಾಜ್ಯದ ಬರದಿಂದ ಇನ್ನೊಂದು ರಾಜ್ಯದ ಬರಕ್ಕೆ ಸ್ಥಳಾಂತರಗೊಂಡ ಆಟ ಇನ್ನೊಂದು ಕಡೆ. ಈ ಎರಡರ ನಡುವೆ ಸಂಬಂಧವಿದೆಯೆಂದು ಅಂದು ಹೇಳಿದವರು ವಿರಳ.

2024ರ ಬೇಸಗೆಯಲ್ಲಿ ಬೆಂಗಳೂರಿಗೇ ನೀರಿನ ಕೊರತೆ ಬಂದಾಗ ಅದೇ ಪ್ರಶ್ನೆ ಮರುಕಳಿಸಿತು. ಕ್ರೀಡಾಂಗಣಕ್ಕೆ ಕುಡಿಯುವ ನೀರನ್ನು ಬಳಸದೆ ಕಬ್ಬನ್ ಪಾರ್ಕಿನ ಸಂಸ್ಕರಣಾ ಘಟಕದಿಂದ ದಿನಕ್ಕೆ 75,000 ಲೀಟರ್ ಶುದ್ಧೀಕರಿಸಿದ ನೀರನ್ನು ಒದಗಿಸಲು ನಗರದ ಜಲಮಂಡಳಿ ಒಪ್ಪಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಈ ಬಳಕೆಯ ವಿವರ ಕೇಳಿತು. ಈ 75,000 ಎಂಬ ಸಂಖ್ಯೆ ಎಲ್ಲಿಂದ ಬಂದಿತೆಂಬುದನ್ನು ಶಾಲೆಯ ಮಕ್ಕಳೂ ಲೆಕ್ಕ ಹಾಕಬಹುದು. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದರೆ ಅದು 10,000 ಲೀಟರ್. ಕ್ರಿಕೆಟ್ ಮೈದಾನದ ಹುಲ್ಲುಹಾಸು ಸುಮಾರು ಒಂದೂವರೆ ಹೆಕ್ಟೇರ್. ಬಯಲುಸೀಮೆಯ ಬೇಸಗೆಯಲ್ಲಿ ಹಸಿರು ಹುಲ್ಲು ದಿನವೊಂದಕ್ಕೆ ಸುಮಾರು 5 ಮಿಲಿಮೀಟರ್ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತದೆ. ಮೂರನ್ನೂ ಗುಣಿಸಿದರೆ 75,000 ಲೀಟರ್. ತಲೆಗೆ ದಿನಕ್ಕೆ 55 ಲೀಟರ್ ಎಂಬ ಗ್ರಾಮೀಣ ಕುಡಿಯುವ ನೀರಿನ ಮಾನದಂಡದ ಪ್ರಕಾರ ಇದು ಸುಮಾರು 1,360 ಜನರ ಒಂದು ದಿನದ ನೀರು. ಅಂದರೆ ಒಂದು ಸಾಧಾರಣ ಹಳ್ಳಿಯ ಪಾಲು.

ಇಷ್ಟು ಹೇಳಿ ನಿಲ್ಲಿಸಿದರೆ ಸಿಟ್ಟು ಬರುವುದು ಸಹಜ. ಆದರೆ ಲೆಕ್ಕವನ್ನು ಅರ್ಧಕ್ಕೆ ಬಿಡುವುದು ವಿಜ್ಞಾನವಲ್ಲ, ನ್ಯಾಯವೂ ಅಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಹರಿಯಿತು; ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯುತ್ತಾ ನರಸಾಪುರದ ಕೆರೆಯನ್ನೂ ತುಂಬಿತು. ಯೋಜನೆಯ ಮೂಲ ಗುರಿ ದಿನಕ್ಕೆ 44 ಕೋಟಿ ಲೀಟರ್. ಕ್ರೀಡಾಂಗಣದ ಹುಲ್ಲಿಗೆ ಬೇಕಾಗುವ ನೀರಿಗಿಂತ ಅದು ಐದೂವರೆ ಸಾವಿರ ಪಟ್ಟಿಗೂ ಹೆಚ್ಚು. ಆದ್ದರಿಂದ ಬೆಂಗಳೂರಿನ ಹುಲ್ಲು ಕೋಲಾರದ ನೀರನ್ನು ಕುಡಿಯುತ್ತಿದೆ ಎಂಬ ಮಾತು ಘೋಷಣೆಗೆ ಚೆಂದ, ಸತ್ಯಕ್ಕೆ ದೂರ. ಸಂಸ್ಕರಿಸಿದ ನೀರಿನಿಂದ ಹುಲ್ಲು ಬೆಳೆಸುವುದು ತಪ್ಪೇನೂ ಅಲ್ಲ. ಕುಡಿಯುವ ನೀರನ್ನು ಅದಕ್ಕೆ ಸುರಿಯುವುದು ತಪ್ಪು. ಕೆರೆಗಳಿಗೆ ಬರುವ ಈ ನೀರು ಎರಡು ಹಂತಗಳಲ್ಲಷ್ಟೇ ಶುದ್ಧವಾಗಿ ಬರುತ್ತಿದೆ, ಮೂರನೆಯ ಹಂತವೂ ಆಗಲಿ ಎಂಬ ಕೋಲಾರ ಜನರ ಬೇಡಿಕೆ ನ್ಯಾಯವಾದುದು. ಆದರೆ ಅದು ಬೇರೆಯೇ ಹೋರಾಟ, ಆಟದ ಮೈದಾನವನ್ನು ಅದರಲ್ಲಿ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬೇಕಾಗಿಲ್ಲ.

ಹಾಗಾದರೆ ನಿಜವಾದ ಭಾರ ಎಲ್ಲಿದೆ? ಅದು ಮೈದಾನದ ಒಳಗಿಲ್ಲ, ಮೈದಾನಕ್ಕೆ ಹೋಗುವ ದಾರಿಯಲ್ಲಿದೆ.

ಚಿನ್ನಸ್ವಾಮಿ ಕ್ರೀಡಾಂಗಣದ ಮಾಡಿನ ಮೇಲೆ 2015ರಲ್ಲಿಯೇ 400 ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳನ್ನು ಅಳವಡಿಸಲಾಯಿತು. ಬೆಂಗಳೂರಿನ ತಂಡ 2011ರಿಂದ ಬಹುತೇಕ ಪ್ರತಿ ಋತುವಿನಲ್ಲೂ ಒಂದು ಪಂದ್ಯವನ್ನು ಹಸಿರು ಅಂಗಿ ತೊಟ್ಟು ಆಡುತ್ತ, ಎದುರಾಳಿ ನಾಯಕನಿಗೆ ಸಸಿ ನೀಡುವ ರೂಢಿ ಇಟ್ಟುಕೊಂಡಿದೆ. ಇವೆಲ್ಲ ಮೆಚ್ಚತಕ್ಕ ಸಂಗತಿಗಳೇ. ಆದರೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹೇಗೆ ಬಂದರು, ಹೇಗೆ ಹಿಂತಿರುಗಿದರು ಎಂಬುದನ್ನು ಹಸಿರು ಅಂಗಿ ಹೇಳುವುದಿಲ್ಲ.

ನರಸಾಪುರದಿಂದ ಹೋಗಿ ಬರುವ 110 ಕಿಲೋಮೀಟರ್ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಸಾಮಾನ್ಯ ಬಸ್ಸೊಂದು ಈ ದೂರಕ್ಕೆ ಸುಮಾರು 25 ಲೀಟರ್ ಡೀಸೆಲ್ ಉರಿಸುತ್ತದೆ. ಪ್ರತಿ ಲೀಟರ್ ಡೀಸೆಲ್‌ನಿಂದ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆಯಾದ್ದರಿಂದ ಒಟ್ಟು 67 ಕಿಲೋಗ್ರಾಂ. ಬಸ್ಸಿನಲ್ಲಿ 45 ಜನರಿದ್ದರೆ ತಲೆಗೆ ಒಂದೂವರೆ ಕಿಲೋಗ್ರಾಂ. ಅದೇ 45 ಜನ ಮೂವರಿಗೊಂದರಂತೆ 15 ಕಾರುಗಳಲ್ಲಿ ಹೋದರೆ, ಪ್ರತಿ ಕಾರು ಏಳು ಲೀಟರಿಗೂ ಮಿಕ್ಕ ಪೆಟ್ರೋಲು ಕುಡಿದು ಸುಮಾರು 17 ಕಿಲೋಗ್ರಾಂ ಹೊಗೆಯುಗುಳುತ್ತದೆ. ಒಟ್ಟು 255 ಕಿಲೋಗ್ರಾಂ. ಜನ ಅಷ್ಟೇ, ಪಂದ್ಯ ಅದೇ, ಸಂತೋಷವೂ ಅಷ್ಟೇ. ಹೊಗೆ ಮಾತ್ರ ನಾಲ್ಕು ಪಟ್ಟಿನ ಹತ್ತಿರ.

ಇನ್ನು ಕಡಲಾಚೆಯ ದಾರಿ. ಕೋಲಾರ, ಮಾಲೂರು, ಶ್ರೀನಿವಾಸಪುರಗಳಿಂದ ಓದಿ ಹೊರದೇಶಗಳಲ್ಲಿ ನೆಲೆಸಿದ ಕುಟುಂಬಗಳು ಈಗ ಅಪರೂಪವಲ್ಲ. ಊರಿನಿಂದ ಅಲ್ಲಿಗೆ ಹೋಗಿ ವಿಶ್ವಕಪ್ ನೋಡಿ ಬರುವುದು ಸ್ಥಿತಿವಂತರಲ್ಲಿ ಹೊಸ ಬಗೆಯ ಯಾತ್ರೆಯಾಗಿದೆ. ಒಂದು ಋತುವಿನಲ್ಲಿ ಎಷ್ಟು ದೇಶಗಳ ಕ್ರೀಡಾಂಗಣ ನೋಡಿದೆನೆಂಬುದು ಹೆಮ್ಮೆಯ ಮಾತಾಗಿದೆ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ಹೋಗಿ ಬರುವ ದೂರ 26,000 ಕಿಲೋಮೀಟರಿಗೂ ಹೆಚ್ಚು. ವಿಮಾನದ ಪ್ರತಿ ಪ್ರಯಾಣಿಕನ ಪಾಲಿಗೆ ಕಿಲೋಮೀಟರಿಗೆ ಸುಮಾರು 90 ಗ್ರಾಂ ಎಂದು ಹಿಡಿದರೂ ಒಬ್ಬರ ಒಂದು ಯಾತ್ರೆಗೆ ಸುಮಾರು 2.4 ಟನ್. ಸರಾಸರಿ ಭಾರತೀಯನೊಬ್ಬನ ಇಡೀ ವರ್ಷದ ಪಾಲೇ ಎರಡು ಟನ್ನಿನ ಆಸುಪಾಸಿನಲ್ಲಿದೆ. ನರಸಾಪುರದ ಹುಡುಗನೊಬ್ಬ ಬಸ್ಸಿನಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಬಾರಿ ಚಿನ್ನಸ್ವಾಮಿಗೆ ಹೋಗಿ ಬಂದರೆ ಆಗುವಷ್ಟು ಹೊಗೆ ಆ ಒಂದೇ ಯಾತ್ರೆಯಲ್ಲಿ ಆಗುತ್ತದೆ. ಹಾಗೆ ನೋಡಿದರೆ ಜಗತ್ತಿನಲ್ಲಿ ಒಂದು ವರ್ಷದಲ್ಲಿ ವಿಮಾನ ಹತ್ತುವವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ. ಕಾಯುವ ಬಿಸಿಲು ಮಾತ್ರ ಹತ್ತು ಮಂದಿಯ ನೆತ್ತಿಯ ಮೇಲೂ ಸಮನಾಗಿ ಬೀಳುತ್ತದೆ.

2022ರ ಕತಾರ್ ಫುಟ್‌ಬಾಲ್ ವಿಶ್ವಕಪ್ಪಿನಿಂದ ಆಗುವ ಹೊರಸೂಸುವಿಕೆ ಸುಮಾರು 36 ಲಕ್ಷ ಟನ್ ಎಂದು ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವೇ ಮುಂಚಿತವಾಗಿ ಅಂದಾಜಿಸಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಯಾಣದ ಪಾಲು. ಅಲ್ಲಿ ತಂಗಲು ಜಾಗ ಸಾಲದೆ ಎಷ್ಟೋ ಜನ ನೆರೆಯ ದೇಶಗಳಲ್ಲಿ ಉಳಿದು, ಬೆಳಗ್ಗೆ ವಿಮಾನದಲ್ಲಿ ಬಂದು ಪಂದ್ಯ ನೋಡಿ ರಾತ್ರಿ ವಿಮಾನದಲ್ಲಿಯೇ ಹಿಂತಿರುಗಿದರು. 2026ರ ವಿಶ್ವಕಪ್ಪನ್ನು 48 ತಂಡಗಳು, 104 ಪಂದ್ಯಗಳು ಎಂದು ಹಿಗ್ಗಿಸಿ, ಒಂದು ಖಂಡದ ಮೂರು ದೇಶಗಳ 16 ನಗರಗಳಿಗೆ ಹಂಚಲಾಯಿತು. ಕ್ರಿಕೆಟ್ ಇದಕ್ಕೆ ಹೊರತಲ್ಲ. 2024ರ ಜೂನ್‌ನಲ್ಲಿ ಟಿ-20 ವಿಶ್ವಕಪ್ಪಿನ ಎಂಟು ಪಂದ್ಯಗಳಿಗಾಗಿ ನ್ಯೂಯಾರ್ಕಿನ ಬಳಿ 34,000 ಆಸನಗಳ ಕ್ರೀಡಾಂಗಣವನ್ನು ತಾತ್ಕಾಲಿಕವಾಗಿ ಕಟ್ಟಿ, ಪಂದ್ಯಗಳು ಮುಗಿದ ಬಳಿಕ ಬಿಚ್ಚಲಾಯಿತು. ಅಲ್ಲಿನ ಪಿಚ್ಚುಗಳನ್ನು ಫ್ಲಾರಿಡಾದಲ್ಲಿ ಬೆಳೆಸಿ ಲಾರಿಗಳಲ್ಲಿ ಉತ್ತರಕ್ಕೆ ಸಾಗಿಸಲಾಗಿತ್ತು. ಪ್ರೇಕ್ಷಕರು ಮಾತ್ರವಲ್ಲ, ಆಡುವ ನೆಲವೇ ಪ್ರಯಾಣ ಹೊರಟ ಕಾಲವಿದು.

ದಾರಿಯ ಬೆಲೆಯನ್ನು ಹೊಗೆಯಲ್ಲಷ್ಟೇ ಅಳೆದರೆ ಸಾಲದು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಉಂಟಾದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು, ಹಲವು ಹತ್ತು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಅವರು ಹೋದುದು ಆಟ ನೋಡಲೂ ಅಲ್ಲ, ಗೆದ್ದವರ ಮುಖ ನೋಡಲು. ಮೂವತ್ತೈದು ಸಾವಿರದಷ್ಟು ಜನ ಕೂರಬಹುದಾದ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಾಗ ಬಾಗಿಲುಗಳು ಕಿರಿದಾದವು. ಬಳಿಕ ತನಿಖೆ ನಡೆಸಿದ ನ್ಯಾಯಾಂಗ ಆಯೋಗ, ಈ ಕ್ರೀಡಾಂಗಣ ಭಾರೀ ಜನಸಂದಣಿಯ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲವೆಂಬ ಅಭಿಪ್ರಾಯಕ್ಕೆ ಬಂದಿತು. ಅದೇ ವರ್ಷ ಬೆಂಗಳೂರಿನ ಹೊರವಲಯದ ಸೂರ್ಯನಗರದಲ್ಲಿ 80,000 ಆಸನಗಳ ಹೊಸ ಕ್ರೀಡಾಂಗಣದ ಪ್ರಸ್ತಾವವೂ ಮುಂದೆ ಬಂದಿತು.

ದೊಡ್ಡ ಕ್ರೀಡಾಂಗಣ ಕಟ್ಟಿದರೆ ನೂಕುನುಗ್ಗಲು ತಪ್ಪೀತು ಎಂಬುದು ಅರ್ಧ ಸತ್ಯ. ಜನರನ್ನು ಕೂರಿಸುವ ಯೋಜನೆಯಷ್ಟೇ ಮುಖ್ಯ, ಜನರನ್ನು ಕರೆತಂದು ಮನೆಗೆ ಮುಟ್ಟಿಸುವ ಯೋಜನೆ. ರಾತ್ರಿ ಏಳೂವರೆಗೆ ಆರಂಭವಾಗುವ ಪಂದ್ಯ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ನಗರದವರಿಗೆ ಮೆಟ್ರೊ ಇದೆ; ಕಬ್ಬನ್ ಪಾರ್ಕ್ ನಿಲ್ದಾಣದಿಂದ ಅದು ಕೆ.ಆರ್. ಪುರಕ್ಕೆ, ವೈಟ್‌ಫೀಲ್ಡಿಗೆ ನೇರವಾಗಿ ತಲುಪಿಸುತ್ತದೆ. ಅಲ್ಲಿಂದಾಚೆ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲಿನ ಹುಡುಗರ ಪಾಡೇನು? ನಡುರಾತ್ರಿಯ ಹೆದ್ದಾರಿಯಲ್ಲಿ, ಲಾರಿಗಳ ನಡುವೆ, ನಿದ್ದೆಗಣ್ಣಿನಲ್ಲಿ ಬೈಕು ಓಡಿಸಿಕೊಂಡು ಬರುವುದೇ ಹಲವರಿಗೆ ಉಳಿಯುವ ದಾರಿ. ಮನೆಯಲ್ಲಿ ತಾಯಂದಿರು ಬಾಗಿಲಿನ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಾರೆ. ಪರಿಸರಕ್ಕೆ ಒಳ್ಳೆಯದಾದ ದಾರಿಯೂ ಜೀವಕ್ಕೆ ಕ್ಷೇಮವಾದ ದಾರಿಯೂ ಇಲ್ಲಿ ಒಂದೇ: ಅದು ತುಂಬಿದ ಬಸ್ಸು.

ಇದು ಆಗದ ಮಾತಲ್ಲ. 2006ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಪಂದ್ಯದ ಟಿಕೆಟ್ಟೇ ಆ ದಿನದ ನಗರ ಸಾರಿಗೆಯ ಟಿಕೆಟ್ಟೂ ಆಗಿತ್ತು. 2024ರಲ್ಲಿ ಅದೇ ದೇಶದಲ್ಲಿ ಯುರೋಪಿನ ಪಂದ್ಯಾವಳಿ ನಡೆದಾಗಲೂ ಟಿಕೆಟ್ ಪಡೆದವರಿಗೆ 36 ತಾಸುಗಳ ಸ್ಥಳೀಯ ಪ್ರಯಾಣದ ಸೌಲಭ್ಯ ಸೇರಿಯೇ ಇತ್ತು. ಟಿಕೆಟ್ ಕೊಳ್ಳುವಾಗಲೇ ಪ್ರೇಕ್ಷಕ ಯಾವ ಊರಿನವನೆಂಬುದನ್ನು ಕೇಳಬಹುದು. ಕೋಲಾರ ದಿಕ್ಕಿನಿಂದ ಎಷ್ಟು ಮಂದಿ ಬರುತ್ತಾರೆ, ತುಮಕೂರು ದಿಕ್ಕಿನಿಂದ ಎಷ್ಟು ಮಂದಿ ಎಂಬುದು ಮೊದಲೇ ತಿಳಿದರೆ ಅಷ್ಟು ಬಸ್ಸುಗಳನ್ನು ಪಂದ್ಯ ಮುಗಿಯುವ ಹೊತ್ತಿಗೆ ಸಾಲಾಗಿ ನಿಲ್ಲಿಸುವುದು ಸಾರಿಗೆ ನಿಗಮಕ್ಕೆ ಕಷ್ಟವೇನಲ್ಲ. ಜಾತ್ರೆಗಳಿಗೆ ವಿಶೇಷ ಬಸ್ಸು ಬಿಡುವ ಅನುಭವ ಅದಕ್ಕೆ ಹಿಂದಿನಿಂದಲೂ ಇದೆ. ಖರ್ಚನ್ನು ಟಿಕೆಟ್ಟಿನಲ್ಲಿಯೇ ಸೇರಿಸಬಹುದು. ಸಾವಿರಾರು ರೂಪಾಯಿ ಕೊಟ್ಟು ಆಟ ನೋಡುವವನಿಗೆ ಬಸ್ಸಿನ ನೂರಾರು ರೂಪಾಯಿ ಹೊರೆಯಾಗದು.

ಇದಕ್ಕಿಂತ ಮೂಲಭೂತವಾದ ಪ್ರಶ್ನೆಯೊಂದಿದೆ, ಅದು ಹಳ್ಳಿಯೊಳಗಿನದು. ಕೋಲಾರ ಜಿಲ್ಲೆಯ ಹುಡುಗರು ಎರಡು ತಲೆಮಾರು ಕ್ರಿಕೆಟ್ ಕಲಿತದ್ದು ಬತ್ತಿದ ಕೆರೆಯಂಗಳಗಳಲ್ಲಿ. ಕೆರೆಗೆ ನೀರು ಬಂದದ್ದು ಊರಿಗೆ ಶುಭ. ಅಂತರ್ಜಲ ಮೇಲೇರಲೆಂದೇ ತಂದ ನೀರದು. ಆದರೆ ಆ ಅಂಗಳ ಮುಳುಗಿದಾಗ ಮಕ್ಕಳು ಎಲ್ಲಿ ಆಡಬೇಕೆಂದು ಯಾವ ಯೋಜನೆಯೂ ಕೇಳಲಿಲ್ಲ. ಗುಂಡುತೋಪುಗಳು ಒತ್ತುವರಿಯಾದವು, ಗೋಮಾಳಗಳು ಹಂಚಿಹೋದವು, ಹೆದ್ದಾರಿಯ ಬದಿಯ ಹೊಲಗಳು ಕಾರ್ಖಾನೆಗಳ ಕಾಂಪೌಂಡಿನೊಳಗೆ ಸೇರಿದವು. ಆಡಲು ನೆಲವಿಲ್ಲದ ಊರಿನಲ್ಲಿ ಮಕ್ಕಳು ಪ್ರೇಕ್ಷಕರಾಗಿಯೇ ಬೆಳೆಯುತ್ತಾರೆ. ಶತಶೃಂಗ ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಬಂಡೆಗಳ ನಡುವಿನ ಒಂದಿಷ್ಟು ಸಮತಟ್ಟು ಜಾಗವೇ ಈಗಲೂ ಮೈದಾನ. ಅದನ್ನಾದರೂ ಉಳಿಸಿಕೊಳ್ಳುವ ಜವಾಬ್ದಾರಿ ಆ ಊರುಗಳ ಹಿರಿಯರ ಮೇಲಿದೆ.

ಮೂರೂಮುಕ್ಕಾಲು ಎಕರೆ ನೆಲವಿದ್ದರೆ ಒಂದು ಪೂರ್ಣ ಪ್ರಮಾಣದ ಕ್ರಿಕೆಟ್ ಮೈದಾನವಾಗುತ್ತದೆ. ಎರಡು ಎಕರೆಯಿದ್ದರೆ ಕಬಡ್ಡಿ, ಖೋ ಖೋ, ವಾಲಿಬಾಲ್ ಮೂರಕ್ಕೂ ಸಾಕು. ಅದಕ್ಕೆ ಹಸಿರು ಹುಲ್ಲುಹಾಸು ಬೇಕಿಲ್ಲ. ಬೇಸಗೆಯಲ್ಲಿ ಒಣಗಿ, ಮುಂಗಾರಿನಲ್ಲಿ ತಾನೇ ಚಿಗುರುವ ಗರಿಕೆ ಈ ಮಣ್ಣಿಗೆ ಒಗ್ಗಿದ ಹುಲ್ಲು. ನೀರುಣಿಸದೆಯೂ ಅದು ಬೇರು ಬಿಡದೆ ಬದುಕಿರುತ್ತದೆ. ಅಂಚಿಗೆ ಹೊಂಗೆ, ಬೇವು ನೆಟ್ಟರೆ ಹತ್ತು ವರ್ಷಗಳಲ್ಲಿ ನೋಡುಗರಿಗೆ ನೆರಳಾಗುತ್ತದೆ. ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಈ ವಿಷಯ ಎತ್ತಲು ಯಾವ ನ್ಯಾಯಾಲಯದ ಆದೇಶವೂ ಬೇಕಾಗಿಲ್ಲ.

ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ಮುಂದಿನ ಋತುವಿನಲ್ಲಿ ಊರಿನಿಂದ ಪಂದ್ಯ ನೋಡಲು ಹೋದವರೆಷ್ಟು, ಹೋದದ್ದು ಯಾವ ವಾಹನದಲ್ಲಿ, ಹಿಂತಿರುಗಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ಪ್ರತಿ ಹಳ್ಳಿಯಲ್ಲೂ ಬರೆದಿಡಬಹುದು. ಲೆಕ್ಕ ಹಾಕುವ ಬಗೆ ಮೇಲೆಯೇ ಇದೆ. ನರಸಾಪುರ ಹೋಬಳಿಯ ಹತ್ತು ಹಳ್ಳಿಗಳ ಇಂಥ ಪಟ್ಟಿಯೊಂದನ್ನು ಹಿಡಿದು ಸಾರಿಗೆ ಅಧಿಕಾರಿಗಳ ಮುಂದೆ ನಿಂತರೆ, ರಾತ್ರಿ ಬಸ್ಸು ಬೇಕೆಂಬ ಕೋರಿಕೆ ಬರಿಯ ಕೋರಿಕೆಯಾಗಿ ಉಳಿಯುವುದಿಲ್ಲ. ಕಡಲಾಚೆಗೆ ಹೋಗಬಲ್ಲವರು ಕೂಡ ಒಂದು ಮಾತು ಯೋಚಿಸಬಹುದು: ಪಂದ್ಯಕ್ಕಾಗಿಯೇ ವಿಮಾನ ಹತ್ತುವುದಕ್ಕೂ, ಮಕ್ಕಳನ್ನೋ ಬಂಧುಗಳನ್ನೋ ನೋಡಲು ಹೋದಾಗ ಜೊತೆಗೆ ಪಂದ್ಯವನ್ನೂ ನೋಡಿ ಬರುವುದಕ್ಕೂ ಅಂತರವಿದೆ.

ಆವಣಿಯ ಜಾತ್ರೆಗೆ ನಡೆದು ಹೋದ ಹಿರಿಯರು ದಾರಿಯಲ್ಲಿ ಸಿಕ್ಕ ಕೆರೆಯ ನೀರು ಕುಡಿದು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ಆ ಕೆರೆಯನ್ನೂ ಆ ಮರವನ್ನೂ ಹಾಗೆಯೇ ಬಿಟ್ಟು ಮುಂದೆ ಹೋದರು. ಮರುವರ್ಷ ಅದೇ ದಾರಿಯಲ್ಲಿ ಬರಬೇಕೆಂಬ ಅರಿವು ಅವರಿಗಿತ್ತು. ಇಂದಿನ ಪ್ರೇಕ್ಷಕನ ದಾರಿ ಉದ್ದವಾಗಿದೆ, ವೇಗವಾಗಿದೆ; ಆದರೆ ಆತನೂ ಮುಂದಿನ ವರ್ಷ ಇದೇ ದಾರಿಯಲ್ಲಿಯೇ ಹೋಗಬೇಕು, ಪಂದ್ಯ ಮುಗಿದ ಮೇಲೆ ಇದೇ ಕೆರೆಯ ಪಕ್ಕದ ಊರಿಗೇ ಹಿಂತಿರುಗಬೇಕು. ಆಟ ನಡೆಯಲಿ, ಜನ ನೋಡಲಿ, ಕೂಗಲಿ. ಹೋದವರೆಲ್ಲರೂ ಕ್ಷೇಮವಾಗಿ ಮನೆ ಸೇರುವ, ಕೆರೆಗೂ ಗಾಳಿಗೂ ಹೊರೆಯಾಗದ ದಾರಿಯೊಂದನ್ನು ಕಟ್ಟಿಕೊಳ್ಳುವುದು ಈಗ ಆಗಬೇಕಾದ ಕೆಲಸ.